ಸಂಜೆ ಆರರ ಕಮಾಂಡ್

"ಎರಡು ತಿಂಗಳಿಂದ ನನ್ನ ತಲೆ ತಿಂದಿದ್ದು ಈ ಕಂಪ್ಯೂಟರಿನ ಲಿನಕ್ಸ್ ಅಲ್ಲ, ನೀವು. ಇಲ್ಲಿ ನೋಡ್ರೀ."

ರಿಪೇರಿ ಮೇಡಂ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಟೈಪ್ ಮಾಡಿದ ಕಮಾಂಡುಗಳ ಪಟ್ಟಿಯ ಮೇಲೆ ಬೆರಳಿಟ್ಟಳು.

"ಕೂಗಾಡಬೇಡಿ ಮೇಡಂ. ಇದು ನನ್ನ ಪ್ರೆಸ್ಸು."

"ನಿಮ್ಮದೇ ಸ್ವಾಮಿ, ಯಾರು ಇಲ್ಲ ಅಂದ್ರು? ನಿನ್ನೆ ಸಂಜೆ ಆರಕ್ಕೆ ಡಿಸೇಬಲ್. ಮೊನ್ನೆ ಆರಕ್ಕೆ ಡಿಸೇಬಲ್. ಟೈಪ್ ಮಾಡಿದ ಕೈ ಯಾರದು?"

ಕೈ ನನ್ನದೇ. ಕಲಿಸಿದವಳು ಅವಳೇ. ಸ್ಟಾರ್ಟ್ ಅಂದರೆ ಪ್ರಿಂಟರ್ ನಡೆಸುವ ಸರ್ವಿಸ್ ಈಗ ಓಡುತ್ತದೆ, ಎನೇಬಲ್ ಅಂದರೆ ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ತಾನೇ ಏಳುತ್ತದೆ, ಡಿಸೇಬಲ್ ಅಂದರೆ ಏಳುವುದಿಲ್ಲ ಎಂದು ಮೊದಲ ದಿನವೇ ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಹಣೆಯ ಕೂದಲನ್ನು ಪೆನ್ನಿನ ತುದಿಯಿಂದ ಸರಿಸಿ, "ತಲೆಗೆ ಹೋಯ್ತಾ?" ಎಂದು ಓರೆಗಣ್ಣಲ್ಲಿ ನಕ್ಕಿದ್ದಳು.

ಹೋಗಿದ್ದು ತಲೆಗಲ್ಲ.

ಅಂದಿನಿಂದ ದಿನಾ ಸಂಜೆ ಪ್ರಿಂಟಿಂಗ್ ಸರ್ವಿಸ್ ಡಿಸೇಬಲ್ ಮಾಡಿ ಬಾಗಿಲು ಹಾಕುತ್ತಿದ್ದೆ. ಬೆಳಿಗ್ಗೆ ಅದು ಏಳುತ್ತಿರಲಿಲ್ಲ, ರಿಪೇರಿ ಕಂಪನಿಯಿಂದ ಅವಳು ಬರುತ್ತಿದ್ದಳು. ಯಾವ ಅಪ್‌ಡೇಟ್ ಇದನ್ನು ಕೆಡಿಸುತ್ತಿದೆ ಎಂದು ಹುಡುಕಿ ಸುಸ್ತಾದಳು. ಸರ್ವಿಸನ್ನು ಬೆಳಿಗ್ಗೆ ಎಬ್ಬಿಸುವ ಸ್ಟಾರ್ಟಪ್ ಫೈಲನ್ನು ಮೂರು ಸಲ ಹೊಸದಾಗಿ ಬರೆದಳು. ಮೌಸ್ ಹಿಡಿಯಲೂ ಬಾರದ ನನ್ನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. "ಈ ಡಬ್ಬಕ್ಕೆ ಮೇಡಂ ಮುಖ ನೋಡದೆ ಬೆಳಗಾಗಲ್ಲ," ಎಂದು ಬೈಂಡಿಂಗ್ ಮಾಡುವ ನನ್ನ ಅಕ್ಕ ಛೇಡಿಸಿದರೆ ಅವಳ ಕಿವಿ ಕೆಂಪಾಗುತ್ತಿತ್ತು.

"ಒಂದು ಸರ್ವಿಸ್ ಎಬ್ಬಿಸೋಕೆ ಬರಲ್ಲ ಅಂತ ಕಂಪನಿಯವರು ನನ್ನನ್ನ ಕೆಲಸದಿಂದ ತೆಗೆದ್ರು," ಎಂದಳು, ಈಗ ಮೆಲ್ಲಗೆ. "ಇವತ್ತೇ ಕೊನೇ ದಿನ. ನನಗೇನೂ ಬರಲ್ಲ ಅಂತ ನಾನೂ ನಂಬಿಬಿಟ್ಟಿದ್ದೆ. ಯಾಕೆ ಮಾಡಿದ್ರಿ?"

ನನ್ನ ಬಾಯಿಗೆ ಬೈಗುಳ ಬೇಕಾದಷ್ಟು ಬರುತ್ತವೆ. ಈ ಒಂದು ಮಾತನ್ನು ಮಾತ್ರ ಕೀಬೋರ್ಡ್ ನೋಡಿಕೊಂಡು ಹೇಳಿದೆ.

"ನೀವು ಬರಲಿ ಅಂತ."

ಅವಳು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು.

"ಕೆಲಸ ಮುಗಿದ ಮೇಲೆ ಒಂದು ದಿನ, ಸ್ವಲ್ಪ ಕೂತ್ಕೊಳ್ಳಿ ಅಂದಿದ್ರೆ ಕೂರ್ತಿದ್ದೆನಲ್ರೀ."

ಎನೇಬಲ್ ಎಂದು ಟೈಪ್ ಮಾಡಿ, ಎಂಟರ್ ಒತ್ತಿ, ಚೀಲ ಹೆಗಲಿಗೇರಿಸಿದಳು. "ಮೇಡಂ," ಎಂದು ಕರೆದೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಿಲ್ಲಲಿಲ್ಲ.

ಮರುದಿನ ಕಂಪ್ಯೂಟರ್ ಹಾಕಿದೆ. ನಾನು ಏನೂ ಮುಟ್ಟುವ ಮೊದಲೇ ಪ್ರಿಂಟರ್ ಗುಂಯ್ ಎಂದು ತಾನಾಗಿ ಎದ್ದಿತು. ಆ ಸಂಜೆ ಮತ್ತೆ ಡಿಸೇಬಲ್ ಮಾಡಿ ಹೋದೆ.

ಬೆಳಿಗ್ಗೆ ಅದು ಏಳಲಿಲ್ಲ. ಮಧ್ಯಾಹ್ನದವರೆಗೆ ಬಾಗಿಲು ನೋಡಿದೆ. ಆಮೇಲೆ ಅವಳು ಬರೆದುಕೊಟ್ಟ ಹಾಳೆ ತೆಗೆದು, ಒಂದೊಂದೇ ಅಕ್ಷರ ನೋಡಿಕೊಂಡು, ನಾನೇ ಸ್ಟಾರ್ಟ್ ಮಾಡಿದೆ.