ಎದ್ದು ಹೋದ ಕುರ್ಚಿಗಳು

ಇದು ಹಾಡಹಗಲಲ್ಲೇ ನಡೆದದ್ದು. ನಮ್ಮ ಬೀದಿಯ ಹಳೇ ಟಾಕೀಸನ್ನು ಚಿಕ್ಕಪ್ಪ ಕೊಂಡು 'ಉದ್ಧಾರ' ಮಾಡುತ್ತಿದ್ದರು. ಅವರ ಅಭಿರುಚಿಯೋ, ದೇವರಿಗೇ ಪ್ರೀತಿ. ಅಜ್ಜಿ ಇದ್ದಾಗ ಕೂರುತ್ತಿದ್ದ, ಎದ್ದೊಡನೆ ಹಲಗೆ ತಾನೇ ಮಡಚಿಕೊಳ್ಳುವ ಕುರ್ಚಿಗಳನ್ನಾದರೂ ಉಳಿಸಿ ಎಂದು ಬೇಡಿಕೊಂಡೆ.

"ಸೌದೆಗೆ ಹಾಕ್ತೀನಿ ಕಣೇ. ಇಲ್ಲೆಲ್ಲ ಚಿನ್ನದ ಬಣ್ಣದ ಸೋಫಾ!"

ಖಾಲಿ ಹಿಂದಿನ ಸಾಲಿನಿಂದ ಯಾರೋ ಲೊಚಗುಟ್ಟಿದರು.

"ನಿಮ್ಮಜ್ಜಿ ಬಂದ್ರೇನೋ ನೋಡು," ಎಂದು ನಕ್ಕ ಚಿಕ್ಕಪ್ಪ, "ಗೋಡೆಗೆ ಗುಲಾಬಿ ದೀಪ," ಎಂದು ಮುಂದುವರಿಸಿದರು.

ಹಿಂದೊಂದು ಕುರ್ಚಿಯ ಹಲಗೆ ಠಪ್ಪನೆ ಮೇಲೆದ್ದಿತು. ಪಕ್ಕದ್ದೂ ಎದ್ದಿತು. ಆಮೇಲೆ ಸಾಲಿಗೆ ಸಾಲೇ. ಕೆಟ್ಟ ಸಿನಿಮಾದ ನಡುವೆ ಜನ ಎದ್ದು ಹೋಗುವ ಸದ್ದು ಹೀಗೇ ಎಂದು ಅಜ್ಜಿ ಹೇಳುತ್ತಿದ್ದಳು. ಮೈಬಿಸಿಯೊಂದು ನನ್ನನ್ನು ಸವರಿಕೊಂಡು ಬಾಗಿಲತ್ತ ಹೋಯಿತು.

"ಸ್ಪ್ರಿಂಗು ಕೆಟ್ಟಿರ್ಬೇಕು," ಎಂದರು ಚಿಕ್ಕಪ್ಪ.

ಕುರ್ಚಿ ಬಿಚ್ಚಲು ಬಂದು ಬಾಗಿಲಲ್ಲಿ ನಿಂತಿದ್ದ ಬಡಗಿ ತಲೆ ಬಗ್ಗಿಸಿ ಕೆಳಗೆ ನೋಡಿದ. ಅವನು ಬೆಳಿಗ್ಗೆಯೇ ಬಿಚ್ಚಿದ್ದ ಸ್ಪ್ರಿಂಗುಗಳೆಲ್ಲ ಅವನ ಕಾಲ ಬಳಿಯ ಚೀಲದಲ್ಲಿದ್ದವು.