ನೋಡೋಣಪ್ಪನ ಹತ್ತು ದಿನ

ತಪ್ಪು ಚಿಕ್ಕಮ್ಮನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಗೂಬೆ ಕೂರಿಸಬಾರದು.

ನಾನು, ಚಿಕ್ಕಮ್ಮ ಸೇರಿ ನಡೆಸುವುದು ಕಂಪ್ಯೂಟರ್ ಕಸೂತಿಯ ಅಂಗಡಿ. ನರ್ಸುಗಳ ಕೋಟಿನ ಮೇಲೆ ಹೆಸರು, ಶಾಲೆಯ ಟೋಪಿಯ ಮೇಲೆ ಲಾಂಛನ, ಟವೆಲ್ಲಿನ ಅಂಚಿಗೆ ಹೂಬಳ್ಳಿ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಪಕ್ಕದ ಮೆಷಿನ್ನು ಹೊಲಿಯುತ್ತದೆ. ಆ ಕಂಪ್ಯೂಟರು ತಿಂಗಳುಗಟ್ಟಲೆ ಒಂದೇ ಪ್ರಶ್ನೆ ಕೇಳುತ್ತಿತ್ತು: ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆ, ಅಪ್‌ಗ್ರೇಡ್ ಮಾಡಲೇ? ನಾನು ದಿನವೂ ‘ಆಮೇಲೆ’ ಎಂದು ಒತ್ತುತ್ತಿದ್ದೆ. ಒಂದು ದಿನ ನಾನು ದಾರ ತರಲು ಹೋಗಿದ್ದಾಗ ಚಿಕ್ಕಮ್ಮ ‘ಆಗಲಿ’ ಎಂದು ಒತ್ತಿಬಿಟ್ಟಳು.

“ಪಾಪ ಕಣೇ, ಎಷ್ಟು ದಿನದಿಂದ ಕೇಳ್ತಾ ಇತ್ತು. ಎಷ್ಟು ಸಲ ಅಂತ ಬೇಡ ಅನ್ನೋದು?”

ಹೊಸದು ನೋಡಲು ಚೆಂದವೇ ಇತ್ತು. ಆದರೆ ಕಸೂತಿಯ ಹಳೇ ಪ್ರೋಗ್ರಾಂ ಅದರಲ್ಲಿ ತೆರೆಯಲಿಲ್ಲ. ಚಿಕ್ಕಮ್ಮ ಹನ್ನೊಂದು ವರ್ಷ ಕೂತು ಬರೆದ ಆರುನೂರು ಡಿಸೈನುಗಳು ಬೇರೆ ಯಾವುದರಲ್ಲೂ ತೆರೆಯುವಂಥವಲ್ಲ. ಅಂದು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ಹೀಗೆ ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವನು ನಮ್ಮ ಅಂಗಡಿಗೆ ಬಂದ. ಹೆಗಲಿಗೆ ಕಪ್ಪು ಬ್ಯಾಗು, ಕನ್ನಡಕ ಕಣ್ಣಿನ ಮೇಲಲ್ಲ, ಹಣೆಯ ಮೇಲೆ.

“ಹಳೇದಕ್ಕೇ ವಾಪಸ್ ಹೋಗಬಹುದಾ?” ಎಂದು ಕೇಳಿದೆ.

“ನೋಡೋಣ.”

“ನಮ್ಮ ಡಿಸೈನ್ ಎಲ್ಲ ಸಿಗುತ್ತಾ?” ಎಂದಳು ಚಿಕ್ಕಮ್ಮ.

“ನೋಡೋಣ ಮೇಡಂ.”

“ನಾಳೆ ಬರ್ತೀರಾ?” ಎಂದೆ.

“ಬರ್ತೀನಿ.”

ಅದೊಂದಕ್ಕೆ ಮಾತ್ರ ನೋಡೋಣ ಅನ್ನಲಿಲ್ಲ. ಅವನು ಮೆಟ್ಟಿಲು ಇಳಿಯುವುದರೊಳಗೆ ಚಿಕ್ಕಮ್ಮ ಅವನಿಗೆ ನೋಡೋಣಪ್ಪ ಎಂದು ಹೆಸರಿಟ್ಟಾಗಿತ್ತು.

ದಿನವೂ ಹನ್ನೊಂದು ಗಂಟೆಗೆ ಬರುತ್ತಿದ್ದ. ಕೇಬಲ್ ಬದಲಿಸಿದ, ಏನೇನೋ ಹಾಕಿದ, ತೆಗೆದ. ಪೆನ್‌ಡ್ರೈವಿನಲ್ಲಿ ಉಳಿದಿದ್ದ ಒಂದೆರಡು ಡಿಸೈನುಗಳಿಂದ ನಾನು ಮೆಷಿನ್ನು ಓಡಿಸುತ್ತಿದ್ದೆ. ಅವನಿಗೆ ತನ್ನ ಕೆಲಸಕ್ಕಿಂತ ನನ್ನ ಕೆಲಸದ ಮೇಲೇ ಕುತೂಹಲ.

“ಬಟ್ಟೆ ಕೆಳಗೆ ಈ ಕಾಗದ ಯಾಕೆ?”

“ಬಟ್ಟೆ ಸುಕ್ಕಾಗಬಾರದು ಅಂತ.”

“ದಾರ ಯಾಕೆ ತುಟಿಯಲ್ಲಿ ಹಿಡ್ಕೊಂಡಿದ್ದೀರಿ?”

“ಇರೋದು ಎರಡೇ ಕೈ, ಅದಕ್ಕೆ.”

ನಕ್ಕು ಪರದೆಯ ಕಡೆ ತಿರುಗಿದ. ಪರದೆ ಆಗ ಆರಿತ್ತು. ಆ ಕಪ್ಪು ಗಾಜಿನಲ್ಲಿ ಅವನ ಕಣ್ಣು ನನ್ನ ತುಟಿಯ ಕೆಂಪು ದಾರದ ಮೇಲೇ ಇರುವುದು ಕಂಡಿತು. ಅವನು ನೋಡುವುದನ್ನು ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಹೊಳೆದಾಗ ಕನ್ನಡಕ ಹಣೆಯಿಂದ ಜಾರಿ ಮೂಗಿನ ಮೇಲೆ ಬಿತ್ತು. ಅಂದು ಒಂದು ಸೂಜಿಗೆ ದಾರ ಪೋಣಿಸಲು ನನಗೆ ನಾಲ್ಕು ಸಲ ಬೇಕಾಯಿತು.

ನನಗೆ ಮುಚ್ಚಿದ ಡಬ್ಬ ಕಂಡರೆ ತೆರೆಯದೆ ಇರಲಾಗದು. ನಾಲ್ಕನೆಯ ದಿನ ಅವನು ಹೋದಮೇಲೆ ಸೆಟ್ಟಿಂಗ್ಸ್ ಒಳಗೆ ಕೈಯಾಡಿಸಿದೆ. ಅಲ್ಲಿ ಬರೆದಿತ್ತು: ಹಿಂದಿನ ಸಿಸ್ಟಮ್‌ಗೆ ಮರಳಬಹುದು, ಹತ್ತು ದಿನದೊಳಗೆ ಮಾತ್ರ, ಆಮೇಲೆ ಹಳೆಯದನ್ನು ಅಳಿಸಲಾಗುವುದು. ಪಕ್ಕದಲ್ಲೇ ಒಂದು ಬಟನ್. ಅಷ್ಟೇ ಕೆಲಸ!

ಮೊದಲು ಮೈ ಉರಿಯಿತು. ಆಮೇಲೆ ಯೋಚನೆ ಹತ್ತಿತು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಜೋಡಿಸುವವನಿಗೆ ಈ ಬಟನ್ ಗೊತ್ತಿಲ್ಲವೇ? ಗೊತ್ತಿಲ್ಲದಿದ್ದರೆ ದಡ್ಡ. ಗೊತ್ತಿದ್ದೂ ಒತ್ತದೆ ಇದ್ದರೆ? ಕೆನ್ನೆ ಬಿಸಿಯಾಯಿತು. ನಾನೇ ಒತ್ತಬಹುದಿತ್ತು. ಒತ್ತಿದರೆ ಹನ್ನೊಂದು ಗಂಟೆಗೆ ಅವನು ಯಾಕೆ ಬರುತ್ತಾನೆ? ಎಲ್ಲ ಮುಚ್ಚಿ ಸುಮ್ಮನಾದೆ.

ಮರುದಿನ ಏನೂ ಅರಿಯದವಳಂತೆ ಕೇಳಿದೆ. “ಹಳೇದಕ್ಕೆ ಹೋಗೋಕೆ ಹತ್ತಿರದ ದಾರಿ ಯಾವುದೂ ಇಲ್ವಾ?”

ಅವನ ಕಿವಿ ಕೆಂಪಾಯಿತು. “ನೋಡೋಣ.”

ದಡ್ಡರ ಕಿವಿ ಹಾಗೆ ಕೆಂಪಾಗುವುದಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಆಮೇಲಿನ ಮೂರು ದಿನ ಹೇಗೆ ಹೋದವೋ ತಿಳಿಯಲಿಲ್ಲ.

ಒಂಬತ್ತನೆಯ ದಿನ ಚಿಕ್ಕಮ್ಮ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದಳು. ಹಳೇ ಡಿಸೈನುಗಳನ್ನು ನೆನಪಿನಿಂದ ಬರೆಯುತ್ತಿದ್ದಳು.

“ಗುಲಾಬಿ ಬಳ್ಳಿಗೆ ಎಲೆ ಎಷ್ಟು ಇಟ್ಟಿದ್ದೆ ಅಂತಾನೇ ಮರೆತುಹೋಯ್ತಲ್ಲೇ,” ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನಾಳೆ ಅವನೇ ಒತ್ತಲಿ, ಒತ್ತದಿದ್ದರೆ ನಾನು ಒತ್ತುತ್ತೇನೆ ಎಂದು ನಿರ್ಧರಿಸಿದೆ.

ಹತ್ತನೆಯ ದಿನ ಹನ್ನೊಂದಾಯಿತು, ಹನ್ನೆರಡಾಯಿತು, ಅವನ ಸುಳಿವಿಲ್ಲ. ಚಿಕ್ಕಮ್ಮ ಒಳಗೆ ಬಟ್ಟೆ ಕತ್ತರಿಸುತ್ತಿದ್ದಳು. ನಾನು ಬಟನ್ ಒತ್ತಿದೆ. ಕಂಪ್ಯೂಟರು ತಕ್ಷಣ ಮರಳಲಿಲ್ಲ, ತಿರುಗಿ ಕೇಳಿತು: ಯಾಕೆ ಹಿಂದಕ್ಕೆ ಹೋಗುತ್ತಿದ್ದೀರಿ? ಕೆಳಗೆ ಕಾರಣಗಳ ಪಟ್ಟಿ, ಕೊನೆಯಲ್ಲಿ ‘ಬೇರೆ ಕಾರಣ’ ಎಂದು ಖಾಲಿ ಜಾಗ. ನನಗೆ ಅಳು ಬಂದಂತಾಯಿತು.

ಆಗ ಅವನು ಒಳಗೆ ಬಂದ, ಏದುಸಿರು ಬಿಡುತ್ತಾ.

“ನಿಮಗೊಂದು ವಿಷಯ ಹೇಳ್ಬೇಕು,” ಎಂದವನು ಪರದೆ ನೋಡಿ ಅಲ್ಲೇ ನಿಂತ. “ನಿಮಗೆ ಗೊತ್ತಿತ್ತಾ?”

“ನಾಲ್ಕನೇ ದಿನದಿಂದ. ನಿಮಗೆ?”

“ಮೊದಲನೇ ದಿನದಿಂದ.” ಬ್ಯಾಗಿನಿಂದ ಚಿಕ್ಕ ಡಿಸ್ಕ್ ತೆಗೆದು ನನ್ನ ಮುಂದಿಟ್ಟ. “ಮೇಡಂ ಡಿಸೈನ್ ಒಂದೂ ಹೋಗಬಾರದು ಅಂತ ಅವತ್ತೇ ಕಾಪಿ ಮಾಡಿಟ್ಟಿದ್ದೆ. ಬೆಳಗ್ಗೆಯಿಂದ ನಮ್ಮ ಅಂಗಡಿ ಬಾಗಿಲಲ್ಲೇ ನಿಂತಿದ್ದೆ. ಒತ್ತಿದ್ರೆ ನಾಳೆ ಬರೋಕೆ ನೆಪ ಇರಲ್ಲ. ಒತ್ತದೇ ಇದ್ರೆ ಬರೋಕೆ ಮುಖ ಇರಲ್ಲ.”

“ಚಿಕ್ಕಮ್ಮ ಎಷ್ಟು ಒದ್ದಾಡಿದ್ರು ಗೊತ್ತಾ?”

“ಗೊತ್ತು. ತಪ್ಪಾಯ್ತು.”

“ನನ್ನದೂ ತಪ್ಪೇ ಬಿಡಿ.” ಆಮೇಲೆ ಕೇಳಿದೆ, “ನೆಪ ಯಾಕೆ ಬೇಕಿತ್ತು?”

ಕನ್ನಡಕವನ್ನು ಹಣೆಯಿಂದ ಇಳಿಸಿ ಮೊದಲ ಸಲ ನೇರವಾಗಿ ನೋಡಿದ. “ನೀವು ಅಂದ್ರೆ ನನಗಿಷ್ಟ. ತುಂಬಾ.”

ನಾನು ಕೀಬೋರ್ಡ್ ಎಳೆದುಕೊಂಡು ಖಾಲಿ ಜಾಗದಲ್ಲಿ ಬರೆದೆ: ಇನ್ನು ನೆಪ ಬೇಡ. ಅವನು ಓದಿದ, ಇನ್ನೊಮ್ಮೆ ಓದಿದ. ಆಮೇಲೆ ಮೌಸಿನ ಮೇಲಿದ್ದ ನನ್ನ ಕೈಮೇಲೆ ತನ್ನ ಕೈಯಿಟ್ಟ, ಇಬ್ಬರೂ ಸೇರಿ ‘ಮುಂದೆ’ ಎಂದು ಒತ್ತಿದೆವು.

ಪರದೆ ಕಪ್ಪಾಗಿ ಬಿಳಿ ಚುಕ್ಕಿಗಳು ಸುತ್ತತೊಡಗಿದವು. ಅರ್ಧ ಗಂಟೆ. ಹತ್ತು ದಿನದಲ್ಲಿ ಮೊದಲ ಬಾರಿ ಇಬ್ಬರಿಗೂ ಮಾಡಲು ಏನೂ ಕೆಲಸವಿರಲಿಲ್ಲ, ಕೈ ತೆಗೆಯುವುದೊಂದು ಬಿಟ್ಟು. ಅದನ್ನು ಇಬ್ಬರೂ ಮಾಡಲಿಲ್ಲ.

ಹಳೇ ಪರದೆ ಬಂತು. ಮೆಷಿನ್ನು ಕೀಂ ಎಂದು ಸೂಜಿ ಎತ್ತಿತು. ಸದ್ದು ಕೇಳಿ ಚಿಕ್ಕಮ್ಮ ಕತ್ತರಿ ಸಮೇತ ಓಡಿಬಂದಳು, ಗುಲಾಬಿ ಬಳ್ಳಿ ತೆರೆದು ಬೆರಳಿಟ್ಟು ಎಣಿಸಿದಳು. “ಹದಿನಾಲ್ಕು ಎಲೆ! ನೋಡೇ, ಹದಿನಾಲ್ಕು!”

ನಾನು ಅವನ ಕಡೆ ಬಾಗಿ ಮೆಲ್ಲಗೆ ಕೇಳಿದೆ. “ಚಿಕ್ಕಮ್ಮನ ಹತ್ತಿರ ಯಾವಾಗ ಮಾತಾಡ್ತೀರಿ?”

ಅವನ ಬಾಯಿಂದ ಬರಬಹುದಾದ ಉತ್ತರ ನನಗೆ ಗೊತ್ತಿತ್ತು. ಆದರೆ ಅದು ಬರಲಿಲ್ಲ.

“ಈಗಲೇ,” ಎಂದು ಎದ್ದು ನಿಂತ. ಹತ್ತು ದಿನ ಮೇಡಂ ಎನ್ನುತ್ತಿದ್ದವನು ಗಂಟಲು ಸರಿಮಾಡಿಕೊಂಡು ಕರೆದ. “ಚಿಕ್ಕಮ್ಮಾ, ನಿಮ್ಮ ಹತ್ತಿರ ಒಂದು ಮಾತು ಕೇಳ್ಬೇಕು. ನಿಮ್ಮ ಹುಡುಗಿ ವಿಷಯ.”

ಚಿಕ್ಕಮ್ಮ ಪರದೆಯಿಂದ ಕಣ್ಣು ತೆಗೆಯದೆ ನಕ್ಕಳು.

“ಕೇಳಪ್ಪಾ,” ಎಂದಳು, “ನೋಡೋಣ.”