ಎಣ್ಣೆ ಕಾರ್ಡು

"ನಿಲ್ಲೋ! ತಲೆ ಒಡೀತೀನಿ!"

ನಿಲ್ಲುವುದೆ? ನೀವೇ ಹೇಳಿ, ನನಗೇನು ತಲೆ ಕೆಟ್ಟಿದೆಯೆ?

ಓಡಿದೆ. ಹಿಂದೆ ಸ್ಪ್ಯಾನರ್ ಹಿಡಿದ ಎಣ್ಣೆಯಣ್ಣ... ಮೂವತ್ತು ವರ್ಷದಿಂದ ಈ ಫ್ಯಾಕ್ಟರಿಯ ಯಂತ್ರಗಳಿಗೆ ಎಣ್ಣೆ ಹಾಕುತ್ತಿರುವ ಆಸಾಮಿ. ನನ್ನ ಜೇಬಿನಲ್ಲಿ ಒಂದು ಯಂತ್ರದಿಂದ ಕಿತ್ತ ಎಣ್ಣೆ ಕಾರ್ಡು, ಯಾವತ್ತು ಎಣ್ಣೆ ಹಾಕಿದ್ದು ಅಂತ ಬರೆದಿಡುವ ರಟ್ಟು. ಗಂಟೆ ಹತ್ತೂವರೆ. ಹನ್ನೊಂದಕ್ಕೆ ಎದುರು ಕಟ್ಟಡದಲ್ಲಿ ಷೇರುದಾರರ ಸಭೆ!

ಕೆಲಸ ಒಪ್ಪಿಸಿದವರು ನನ್ನ ಚಿಕ್ಕಮ್ಮ. ರಿಟೈರ್ಡ್ ನರ್ಸು. ಪತ್ತೇದಾರಿಕೆ ನನ್ನ ಹೊಟ್ಟೆಪಾಡು ನಿಜ, ಆದರೆ ಚಿಕ್ಕಮ್ಮನ ಹತ್ತಿರ ಫೀಸು ಕೇಳುವಷ್ಟು ಧೈರ್ಯ ನನಗಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಅವರು ಈ ಕಂಪನಿಯ ಷೇರಿಗೆ ಸುರಿದಿದ್ದರು. ಏಪ್ರಿಲ್‌ನಲ್ಲಿ ಚೇರ್ಮನ್ ಸದ್ದಿಲ್ಲದೆ ತನ್ನ ಷೇರು ಮಾರಿಕೊಂಡ. ಆಗಸ್ಟ್‌ನಲ್ಲಿ ಬಾಂಬು ಸಿಡಿಸಿದ... "ಎಂಟು ಯಂತ್ರ ಗುಜರಿ. ಬೆಲೆ ಸೊನ್ನೆ. ನಮಗೂ ಈಗಷ್ಟೇ ಗೊತ್ತಾಯ್ತು." ಕಳ್ಳನಿಗೊಂದು ಪಿಳ್ಳೆ ನೆವ! ಷೇರು ನೆಲ ಕಚ್ಚಿತು.

"ಅವನಿಗೆ ಮೊದ್ಲೇ ಗೊತ್ತಿತ್ತು ಕಣೋ," ಎಂದಿದ್ದರು ಚಿಕ್ಕಮ್ಮ. "ಸಾಬೀತು ಮಾಡು. ಇಲ್ಲಾಂದ್ರೆ ಈ ವಯಸ್ಸಲ್ಲಿ ಮತ್ತೆ ಡ್ಯೂಟಿಗೆ ಹೋಗ್ಬೇಕು ನಾನು."

ಗೇಟು ಹತ್ತಿರವಾಯಿತು. ಅಷ್ಟರಲ್ಲಿ ಎಣ್ಣೆಯಣ್ಣ ಕಾಲರ್ ಹಿಡಿದೇಬಿಟ್ಟ!

"ಕಾರ್ಡ್ ಯಾಕೋ ಕದ್ದೆ?"

"ಕೊನೇ ಸಾಲು ನೋಡಣ್ಣ."

ನೋಡುವುದೇನು, ಬರೆದವನೇ ಅವನು. 'ಫೆಬ್ರವರಿ ಹತ್ತು. ಯಂತ್ರ ಸತ್ತಿದೆ. ಎಣ್ಣೆ ನಿಲ್ಲಿಸಿದೆ.' ಕೆಳಗೆ ಚೇರ್ಮನ್ ಸಹಿ! ಮಹಾ ಜಿಪುಣ ಆತ. ಎಣ್ಣೆ ಹಾಕಲು, ನಿಲ್ಲಿಸಲು, ಎರಡಕ್ಕೂ ಅವನ ಸಹಿಯೇ ಆಗಬೇಕು. ಆಫೀಸಿನ ಫೈಲುಗಳನ್ನೆಲ್ಲ ಮಾಯ ಮಾಡಿದವನಿಗೆ ಯಂತ್ರದ ಬೆನ್ನಿಗೆ ನೇತಾಡುವ ಜಿಡ್ಡು ಕಾರ್ಡು ನೆನಪಾಗಲಿಲ್ಲ.

"ನಿನ್ನ ಹತ್ರಾನೂ ಷೇರಿದೆಯಾ?" ಎಂದೆ.



"ಬೋನಸ್ ಬದ್ಲು ಅದನ್ನೇ ಕೊಟ್ರು... ಮಗಳ ಕಾಲೇಜಿಗೆ ಅಂತ ಇಟ್ಟಿದ್ದೆ."

ಸ್ಪ್ಯಾನರ್ ಕೆಳಗಿಳಿಯಿತು. ಬಿಟ್ಟನೆ? ಎಲ್ಲಿ ಬಂತು! ಗೇಟಿನ ರಿಜಿಸ್ಟರ್ ಎಳೆದು ನನ್ನ ಮುಂದಿಟ್ಟ.

"ಸಹಿ ಹಾಕ್ದೆ ಇಲ್ಲಿಂದ ಒಂದು ಬೋಲ್ಟೂ ಆಚೆ ಹೋಗಲ್ಲ. ಚೇರ್ಮನ್ ರೂಲು. ಬರಿ!... ಇರು, ಉಳಿದ ಏಳು ಕಾರ್ಡೂ ತರ್ತೀನಿ."

ಸಭೆಯಲ್ಲಿ ಚೇರ್ಮನ್ ಮೈಕ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ. "ಆಗಸ್ಟ್‌ವರೆಗೂ ನಮಗೇನೂ ಗೊತ್ತಿರ್ಲಿಲ್ಲ. ದೇವರಾಣೆ!"

ಚಿಕ್ಕಮ್ಮ ಎದ್ದರು. ನಾನು ತಂದುಕೊಟ್ಟ ಎಂಟೂ ಕಾರ್ಡನ್ನು ವಾರ್ಡಿನಲ್ಲಿ ರೋಗಿಯ ಚಾರ್ಟ್ ಓದುವ ಹಾಗೆ ಓದಿದರು. ತಾರೀಖು. ಸಹಿ. ತಾರೀಖು. ಸಹಿ... ಐದನೆಯದಕ್ಕೆ ಹಾಲ್‌ನಲ್ಲಿ ಕುರ್ಚಿಗಳು ಉರುಳತೊಡಗಿದವು. ನನಗಂತೂ ಹೊಟ್ಟೆ ತಣ್ಣಗಾಯಿತು!

ಚೇರ್ಮನ್ ಬೆವರುತ್ತ ನನ್ನ ಪಕ್ಕಕ್ಕೆ ಬಂದ.

"ಎಷ್ಟು ಬೇಕೋ ಕೇಳು. ಆ ಕಾರ್ಡ್ ಕೊಟ್ಬಿಡು."

"ಕೊಡೋಣ ಸರ್... ನಿಮ್ಮದೇ ರೂಲಲ್ವಾ? ಸಹಿ ಹಾಕಿ ತಗೊಳ್ಳಿ!"